ಬೆಲ್ಟ್ ಟ್ರೈಲರಿನ ಕೈಪಿಡಿಗೆ ಒಂದು ಕಥೆ

೧

ಎಲ್ಲಿಂದ ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಇಷ್ಟು ಹೊತ್ತಿಗೆ ಮುಗಿಸಿ ಊಟಕ್ಕೆ ಎದ್ದಿರುತ್ತಿದ್ದೆ. (ಲೇಖಕ ಮೊದಲ ಸಾಲಿನಲ್ಲೇ ಸೋಲೊಪ್ಪಿಕೊಂಡರೆ ಓದುಗರಿಗೆ ಅವನ ಮೇಲೆ ಕನಿಕರ ಹುಟ್ಟುತ್ತದಂತೆ. ಹುಟ್ಟಿತೇ? ಇಲ್ಲದಿದ್ದರೆ ಬಿಡಿ, ಮುಂದೆ ಹೋಗೋಣ.)

ವಿಷಯ ಇಷ್ಟು. ಬೆಲ್ಟ್ ಟ್ರೈಲರ್ ತಯಾರಿಸುವ ಕಂಪನಿಯೊಂದು ನನಗೆ ಕನ್ನಡದಲ್ಲಿ ಸುರಕ್ಷತಾ ಕೈಪಿಡಿ ಬರೆಯುವ ಕೆಲಸ ಕೊಟ್ಟಿದೆ. ಟಿಪ್ಪರ್ ನಿಮಗೆ ಗೊತ್ತು, ತೊಟ್ಟಿಯನ್ನು ಮೇಲಕ್ಕೆತ್ತಿ ಸುರಿಯುತ್ತದೆ. ಬೆಲ್ಟ್ ಟ್ರೈಲರ್ ಏನನ್ನೂ ಎತ್ತುವುದಿಲ್ಲ. ಅದರ ತಳವೇ ಒಂದು ಅಗಲವಾದ ರಬ್ಬರ್ ಬೆಲ್ಟ್. ಲಾರಿಯ ಇಂಜಿನ್ ಓಡುತ್ತಿರುವಾಗ ಪಕ್ಕದ ಲಿವರ್ ಒತ್ತಿದರೆ ತಳ ಹಿಂದಕ್ಕೆ ಜರುಗುತ್ತದೆ, ಮೇಲಿನ ಸರಕೆಲ್ಲ ಬಾಲದ ಕಡೆಯಿಂದ ಉದುರುತ್ತದೆ. ತಲೆಯ ಮೇಲೆ ಕರೆಂಟಿನ ತಂತಿ ಇದ್ದರೂ, ತಗ್ಗಾದ ಶೀಟ್ ಚಾವಣಿಯ ಕೆಳಗೂ ಅನ್‌ಲೋಡ್ ಮಾಡಬಹುದು.

ಇಪ್ಪತ್ತೆರಡು ಪುಟ ಬರೆದು ಕಳಿಸಿದೆ. ಕೈ ಹಾಕುವ ಮೊದಲು ಇಂಜಿನ್ ಆಫ್ ಮಾಡಿ. ಗಾಡಿಯ ಕೀಲಿ, ಕೈ ಹಾಕುವವರ ಜೇಬಿನಲ್ಲೇ ಇರಲಿ. ಸಿಕ್ಕಿಕೊಂಡಿದ್ದನ್ನು ಉದ್ದ ಸಲಾಕೆಯಿಂದ ತೆಗೆಯಿರಿ. ಬಾಲದ ಹಿಂದೆ ಯಾರೂ ಇಲ್ಲವೆಂದು ನಡೆದು ಹೋಗಿ ನೋಡಿದ ಮೇಲೇ ಲಿವರ್ ಮುಟ್ಟಿ. ಮ್ಯಾನೇಜರ್ ಫೋನ್ ಮಾಡಿ ಹೇಳಿದರು: "ಚೆನ್ನಾಗಿದೆ ಸರ್. ಆದ್ರೆ ರೂಲ್ಸ್ ಯಾರೂ ಓದಲ್ಲ. ಕೊನೇಲಿ ಒಂದು ಸ್ಟೋರಿ ಹಾಕಿ. ಓದಿದೋರಿಗೆ ಸ್ವಲ್ಪ ಭಯ ಆಗ್ಬೇಕು."

ಅಂದರೆ ನನಗೀಗ ಯಾರದಾದರೂ ಕೈ ಬೇಕು.

೨

ಮೊದಲ ಡ್ರಾಫ್ಟ್ ಹೀಗೆ ಶುರುವಾಗುತ್ತಿತ್ತು: "ಅಂದು ಮುಂಜಾನೆ ಮಾಸ್ತಿಯ ಕಡೆಯ ಆಕಾಶ ಕೆಂಪಾಗಿತ್ತು." ಹರಿದು ಹಾಕಿದೆ. ಅವಘಡ ನಡೆಯುವ ದಿನ ಆಕಾಶ ಮೊದಲೇ ಸುಳಿವು ಕೊಡುತ್ತದೆ ಎಂದು ನಂಬುವ ಲೇಖಕರ ಪೈಕಿ ನಾನಲ್ಲ. (ಐದು ವರ್ಷದ ಹಿಂದಿನವರೆಗೂ ಆಗಿದ್ದೆ.)

೨, ಮತ್ತೆ

ಮಾಸ್ತಿಯ ಹತ್ತಿರ ಕೋದಂಡರಾಮಪ್ಪನವರ ಡೈರಿ ಶೆಡ್. ಅರವತ್ತು ಸೀಮೆಹಸು. ಯಲ್ದೂರಿನ ಕಡೆಯಿಂದ ಜೋಳದ ಸೈಲೇಜ್ ಬರುತ್ತದೆ, ಎಂದರೆ ಹಸಿ ಜೋಳದ ಕಡ್ಡಿ ಕತ್ತರಿಸಿ ಹುಳಿಯಾಗಲು ಬಿಟ್ಟ ಮೇವು. ತರುವುದು ಅವರದೇ ಬೆಲ್ಟ್ ಟ್ರೈಲರ್. ಓಡಿಸುವವನು ಮುಳಬಾಗಿಲಿನ ಕದಿರೇಶ್, ನಲವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಬಾಲದ ಬಳಿ ನಿಂತು ಮೇವು ಎಳೆದು ಹರಡುವವಳು ಮಾಸ್ತಿಯ ಗಂಗಾಲಕ್ಷ್ಮಿ. ಸೀರೆಯ ಮೇಲೆ ಗಂಡನ ತುಂಬು ತೋಳಿನ ಹಳೆಯ ಶರ್ಟು ತೊಟ್ಟಿರುತ್ತಾಳೆ. ಇವಳನ್ನು ನಾನೇ ಸೃಷ್ಟಿಸಿದ್ದು. ಶರ್ಟಿನ ತೋಳು ಅರ್ಧ ಗೇಣು ಉದ್ದ ಇಟ್ಟದ್ದೂ ನಾನೇ. ಯಾಕೆಂದು ನಿಮಗೆ ಆಗಲೇ ಹೊಳೆದಿರಬೇಕು.

ಅವಳಿಗೂ ಹೊಳೆಯಿತು.

"ಏನ್ ಸಾರ್, ನಂಗೇ ಯಾಕೆ ಉದ್ದ ತೋಳಿನ ಅಂಗಿ?"

"ಮೇವಿನ ಕಡ್ಡಿ ಗೀರುತ್ತದಲ್ಲಮ್ಮ, ಅದಕ್ಕೆ."

"ಸುಳ್ಳೇಳ್ಬ್ಯಾಡಿ. ಕದಿರೇಶನಿಗೂ ಗೀರ್ತದೆ. ಅವನಿಗೆ ಬನಿಯನ್ ಹಾಕಿ ನಿಲ್ಸಿದ್ದೀರ."

ಪಾತ್ರಗಳಿಗೆ ಸಲಿಗೆ ಕೊಡಬಾರದು ಎಂದು ಬಲ್ಲವರು ಹೇಳುತ್ತಾರೆ. ನಾನು ಮೂರನೆಯ ಭಾಗಕ್ಕೆ ಓಡಿದೆ.

೩

ಈ ಟ್ರೈಲರಿನ ಎರಡೂ ಪಕ್ಕದಲ್ಲಿ, ತಲೆಯಿಂದ ಬಾಲದವರೆಗೆ, ಒಂದು ಕೆಂಪು ಹಗ್ಗ ಇದೆ. ಯಾರು ಎಲ್ಲಿಂದ ಎಳೆದರೂ ಒಂದು ಸ್ವಿಚ್ಚು ಬಿದ್ದು ಬೆಲ್ಟ್ ತಟ್ಟನೆ ನಿಲ್ಲುತ್ತದೆ. ಕೈಪಿಡಿಯ ಒಂಬತ್ತನೆಯ ಪುಟ. ಚಿತ್ರವೂ ಇದೆ.

ಆಯುಧಪೂಜೆಯ ದಿನ ಗಾಡಿ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಸರ ಕಟ್ಟಬೇಕು. ಅಷ್ಟುದ್ದದ ಟ್ರೈಲರಿಗೆ ಸರವನ್ನು ಎಲ್ಲಿ ಕಟ್ಟುವುದು? ತಲೆಯಿಂದ ಬಾಲದವರೆಗೆ ಹಗ್ಗವೊಂದು ಎಳೆದುಕೊಂಡು ಸಿದ್ಧವಾಗಿತ್ತಲ್ಲ. ಅದಕ್ಕೇ ಕಟ್ಟಿದರು, ಒಂದೊಂದು ಮೊಳಕ್ಕೂ ಮಾವಿನೆಲೆ ಸಿಕ್ಕಿಸಿದರು. ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು, ನಾನಾಗಿದ್ದರೂ ಅಲ್ಲೇ ಕಟ್ಟುತ್ತಿದ್ದೆ.

ಮರುದಿನ ಹೂವಿನ ಭಾರಕ್ಕೆ ಹಗ್ಗ ಜಗ್ಗಿ ಬೆಲ್ಟ್ ನಿಮಿಷಕ್ಕೊಮ್ಮೆ ನಿಲ್ಲತೊಡಗಿತು. ಕದಿರೇಶ್ ಸರ ಬಿಚ್ಚಲು ಹೋದ. ಕೋದಂಡರಾಮಪ್ಪ ತಡೆದರು.

"ಒರೇಯ್, ಪೂಜೆ ಮಾಡಿದ ಹೂವು ಕಣೋ. ತಾನಾಗಿ ಒಣಗಿ ಬೀಳ್ಬೇಕು, ನಾವು ಕಿತ್ ಹಾಕಬಾರ್ದು."

"ಬೆಲ್ಟ್ ನಿಂತೋಗ್ತದಲ್ಲ ಯಜಮಾನ್ರೇ?"

"ಆ ಸ್ವಿಚ್ಚಿಗೊಂದು ಬೈಂಡಿಂಗ್ ವೈರ್ ಸುತ್ತು. ಹೂವು ಉದುರಿದ ಮೇಲೆ ಬಿಚ್ಚಿದ್ರಾಯ್ತು."

ಕದಿರೇಶ್ ಸುತ್ತಿದ. ಇದಾಗಿ ಹನ್ನೊಂದು ದಿನ. ಹೂವು ಒಣಗಿದೆ, ಇನ್ನೂ ಪೂರ್ತಿ ಉದುರಿಲ್ಲ. ಕೆಂಪು ಹಗ್ಗವನ್ನು ಈಗ ಎತ್ತು ಕಟ್ಟಿ ಎಳೆದರೂ ಬೆಲ್ಟ್ ನಿಲ್ಲುವುದಿಲ್ಲ. ಮೂವರಿಗೂ ಇದು ಗೊತ್ತು. (ಯಾರನ್ನೂ ಮೂರ್ಖರನ್ನಾಗಿ ಮಾಡಬಾರದು ಎಂದು ತೀರ್ಮಾನಿಸಿದ್ದೆ. ಭಕ್ತಿ ಇರುವ, ಕೆಲಸ ಬಲ್ಲ, ಒಳ್ಳೆಯ ಜನ. ನನಗೆ ಭಯವಾಗುವುದು ಇಂಥವರನ್ನು ಕಂಡರೇ.)

೪

ಮಧ್ಯಾಹ್ನ ಮೂರು ಗಂಟೆ. ಹಾಲು ಕರೆಯುವ ಹೊತ್ತು ಹತ್ತಿರ, ಹಸುಗಳು ಕೂಗುತ್ತಿವೆ. ಅರ್ಧ ಲೋಡ್ ಇಳಿದಿದೆ. ಬಾಲದ ಕೆಳಗೆ, ಬೆಲ್ಟ್ ರೋಲರ್ ಸುತ್ತಿ ತಿರುಗುವ ಕಡೆ, ಅಂಟಿದ್ದನ್ನು ಕೆರೆದು ಬೀಳಿಸುವ ಒಂದು ತಗಡು ಇದೆ. ಬೆಲ್ಟಿಗೂ ತಗಡಿಗೂ ನಡುವಿನ ಸಂದಿನಲ್ಲಿ ಹಸಿ ಮೇವಿನ ಮುದ್ದೆ ಸಿಕ್ಕಿಕೊಂಡಿತು. ಕದಿರೇಶ್ ಲಿವರ್ ಹಿಂದಕ್ಕೆಳೆದು ಬೆಲ್ಟ್ ನಿಲ್ಲಿಸಿದ. ಇಂಜಿನ್ ಆಫ್ ಮಾಡಲಿಲ್ಲ.

"ಇಂಜಿನ್ ಆರ್ಸು ಕದಿರೇಶ," ಎಂದಳು ಗಂಗಾಲಕ್ಷ್ಮಿ.

"ಬ್ಯಾಟರಿ ವೀಕಕ್ಕಾ. ಆರ್ಸಿದ್ರೆ ಮತ್ತೆ ಎತ್ತಲ್ಲ. ನೀನು ಕೈ ಹಾಕ್ಬ್ಯಾಡ, ಸಲಾಕೆ ತರ್ತೀನಿ ಇರು."

ಅವನು ಶೆಡ್ಡಿನೊಳಗೆ ಹೋದ. ಇವಳು ಬಾಲದ ಕೆಳಗೆ ಕುಕ್ಕರಗಾಲಲ್ಲಿ ಕೂತಳು. ಮುದ್ದೆಯ ತುದಿ ಕಣ್ಣೆದುರೇ ಕಾಣುತ್ತಿದೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಬರುವಂತಿದೆ. ಹೋದ ವಾರ ಹೀಗೇ ಎರಡು ಸಲ ಬಂದಿತ್ತು.

"ಹಾಕಲ್ಲ," ಎಂದಳು ನನಗೆ.

"ಹಾಕು."

"ಕದಿರೇಶ ಸಲಾಕೆ ತರ್ತಾವ್ನೆ, ಬರ್ಲಿ."

"ಹಸುಗಳು ಕೂಗುತ್ತಿವೆ, ಗಂಗಾಲಕ್ಷ್ಮಿ."

ನಾನು ಹಸುಗಳನ್ನು ಇನ್ನೊಂದು ಸಲ ಕೂಗಿಸಿದೆ. ಲೇಖಕನಿಗೆ ಇಷ್ಟು ಸಾಕು, ಬೇರೆ ಅಸ್ತ್ರ ಬೇಡ. ಅವಳು ಬಲಗೈ ಹಾಕಿದಳು.

ಆಚೆ ಪಕ್ಕದಿಂದ ಕೋದಂಡರಾಮಪ್ಪ ಬಂದರು. ಇಂಜಿನ್ ಓಡುತ್ತಿದೆ, ಬೆಲ್ಟ್ ನಿಂತಿದೆ, ಲಿವರಿನ ಬಳಿ ಯಾರೂ ಇಲ್ಲ, ಡ್ರೈವರ್ ಶೆಡ್ಡಿನಲ್ಲಿ ಏನೋ ಹುಡುಕುತ್ತಿದ್ದಾನೆ. ಅವರು ನಿಂತಲ್ಲಿಂದ ಬಾಲದ ಕೆಳಗಿನದು ಕಾಣುವುದಿಲ್ಲ. "ಇವ್ರು ಮಾಡೋ ಕೆಲಸ ಹಿಂಗೇ," ಎಂದು ಗೊಣಗಿ ಲಿವರ್ ಮೇಲೆ ಕೈ ಇಟ್ಟರು.

ಒತ್ತಿದರು.

೫ (ಲೆಕ್ಕ)

ಮುಂದಿನದನ್ನು ಅಳತೆಯಲ್ಲಿ ಹೇಳಿಬಿಡುತ್ತೇನೆ, ಹಾಗಾದರೆ ಭಾರ ಸ್ವಲ್ಪ ಕಡಿಮೆಯಾದೀತು. ಬೆಲ್ಟ್ ನಿಧಾನ, ಸೆಕೆಂಡಿಗೆ ಮೂರು ಬೆರಳಿನಗಲ ಜರುಗುತ್ತದೆ. ಮೊದಲು ಸಿಕ್ಕಿದ್ದು ಅಂಗಿಯ ತೋಳು. ಗಾಬರಿಯಲ್ಲಿ ಅವಳ ಬಾಯಿಗೆ ಮನೆಯ ತೆಲುಗು ಬಂತು, "ಆಪಂಡಿ! ಆಪಂಡಿ!", ನಿಲ್ಲಿಸಿ ನಿಲ್ಲಿಸಿ, ಎಂದು ಕಿರುಚಿದಳು. ಎಡಗೈಗೆ ಎಟುಕಿದ ಕೆಂಪು ಹಗ್ಗವನ್ನು ಎಳೆದಳು. ಒಣಗಿದ ಹೂವು ಉದುರಿತು, ಬೆಲ್ಟ್ ನಿಲ್ಲಲಿಲ್ಲ. ಕದಿರೇಶ್ ಶೆಡ್ಡಿನಿಂದ ಲಾರಿಯ ಕ್ಯಾಬಿನ್ನಿಗೆ ಓಡಿ ಕೀಲಿ ತಿರುಗಿಸಲು ಒಂಬತ್ತು ಸೆಕೆಂಡು ಬೇಕು. ಒಂಬತ್ತು ಮೂರಲ ಇಪ್ಪತ್ತೇಳು ಬೆರಳು. ಒಂದು ಮೊಳ ಎಂದರೆ ಇಪ್ಪತ್ನಾಲ್ಕು ಬೆರಳು. ಮೊಳ ಎಂದರೆ ಬೆರಳ ತುದಿಯಿಂದ ಮೊಣಕೈ.

ಲೆಕ್ಕದಿಂದ ಏನೂ ಕಡಿಮೆಯಾಗಲಿಲ್ಲ.

೬. ಅಂತ್ಯಗಳು

ಅ) ಕೈಪಿಡಿಗೆ ಒಪ್ಪುವ ಅಂತ್ಯ. ಕೈ ಹೋಗುತ್ತದೆ. ಕೆಳಗೆ ದಪ್ಪ ಅಕ್ಷರದಲ್ಲಿ: "ಆದ್ದರಿಂದ ಗೆಳೆಯರೇ, ಎಚ್ಚರ!" ಮ್ಯಾನೇಜರ್ ಖುಷಿಯಾಗುತ್ತಾರೆ.

"ನಿಮ್ಮ ಪುಸ್ತಕಕ್ಕೆ ಭಯ ಬೇಕಿದ್ರೆ ನಿಮ್ಮ ಕೈ ಹಾಕಿ ಸಾರ್," ಎಂದಳು ಗಂಗಾಲಕ್ಷ್ಮಿ. "ಬರೆಯೋಕೆ ಇನ್ನೊಂದು ಇರ್ತದಲ್ಲ."

ಆ) ಹಗ್ಗ ಎಳೆದಾಗ ವೈರ್ ತುಂಡಾಗಿ ಸ್ವಿಚ್ಚು ಬೀಳುತ್ತದೆ. ಬೈಂಡಿಂಗ್ ವೈರನ್ನು ಕೈಯಲ್ಲಿ ತುಂಡು ಮಾಡಲು ನೋಡಿ, ಆಮೇಲೆ ಬಂದು ಮಾತಾಡಿ.

ಇ) ಚೀರಿದ್ದು ಕೇಳಿ ಕೋದಂಡರಾಮಪ್ಪ ಲಿವರನ್ನು ವಾಪಸ್ ಎಳೆಯುತ್ತಾರೆ. ಒಂದೇ ಸೆಕೆಂಡು, ಮೂರೇ ಬೆರಳು, ಹರಿಯುವುದು ಅಂಗಿ ಮಾತ್ರ. ಇದನ್ನು ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಅವರು ಲಿವರ್ ಬಿಟ್ಟು ಹಿಂದಕ್ಕೆ ಓಡಿದರು. ಚೀರುವುದು ಕೇಳಿದ ಮನುಷ್ಯ ಚೀರಿದವರ ಕಡೆಗೇ ಓಡುತ್ತಾನೆ, ಯಜಮಾನರೂ ಅಷ್ಟೇ. ಲಿವರ್ ಇಟ್ಟಲ್ಲೇ ಇರುತ್ತದೆ.

"ಯಜಮಾನ್ರೇ, ಓಡಬೇಡಿ, ಲಿವರ್ ಎಳೀರಿ!" ಎಂದು ಕೂಗಿದೆ. ಅವರು ತಿರುಗಿ ನೋಡಿದರು. ಮುಖ ಸುಣ್ಣದಂತಾಗಿತ್ತು. "ಯಾವ ಲಿವರ್?" ಎಂದರು.

ಈ) ಗಂಗಾಲಕ್ಷ್ಮಿಯದೇ ಸಲಹೆ: "ಮೂರನೇದಕ್ಕೆ ವಾಪಸ್ ಹೋಗಿ ಸಾರ್. ಆ ವೈರ್ ಬಿಚ್ಚಿ. ನಿಮಗೆ ಒಂದು ಗೆರೆ ಕೆಲಸ."

ಹೌದು, ಒಂದು ಗೆರೆಯ ಕೆಲಸ. ಹೋದೆ, ಅಳಿಸಿದೆ, ಕದಿರೇಶನಿಂದ ಹೂವಿನ ಸರ ಬಿಚ್ಚಿಸಿದೆ. ಎಲ್ಲರೂ ಟೀ ಕುಡಿದು ಮನೆಗೆ ಹೋದರು. ಓದಿ ನೋಡಿದೆ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಈವರೆಗೆ ಬರೆದಿಲ್ಲ.

೭

ಇಲ್ಲಿ ನಿಮ್ಮ ಕ್ಷಮೆ ಕೇಳಬೇಕು. ಗಂಗಾಲಕ್ಷ್ಮಿಯನ್ನು ನಾನೇ ಸೃಷ್ಟಿಸಿದ್ದು ಎಂದೆನಲ್ಲ, ಅದು ನಿಜವಲ್ಲ. ಹೆಸರೊಂದನ್ನು ಬದಲಾಯಿಸಿದ್ದೇನೆ ಅಷ್ಟೇ. ಅವರು ಇದ್ದಾರೆ. ಕೈಪಿಡಿಯ ಕೆಲಸಕ್ಕೆಂದು ಊರೂರು ತಿರುಗುವಾಗ ಸಿಕ್ಕರು. ಅಂಗಿಯ ಉದ್ದ ತೋಳು, ಹೂವು, ವೈರು, ಬ್ಯಾಟರಿ, ಸಲಾಕೆ, ಎಲ್ಲ ಅವರು ಹೇಳಿದ್ದೇ. ನಾನು ಕೂಡಿಸಿದ್ದು ಹಸುಗಳ ಎರಡನೆಯ ಕೂಗು ಮಾತ್ರ, ಅದೂ ಅವರ ತಪ್ಪು ಸ್ವಲ್ಪ ಹಗುರವಾಗಲಿ ಎಂದು.

ಹೋದ ಭಾನುವಾರ ಡ್ರಾಫ್ಟ್ ಹಿಡಿದು ಅವರ ಮನೆಗೆ ಹೋದೆ. ಬಾಗಿಲ ಕಟ್ಟೆಯ ಮೇಲೆ ಕೂತು ಓದತೊಡಗಿದೆ. ಅಂಗಿಯ ಮಾತಿಗೆ ನಕ್ಕರು. ಕದಿರೇಶ್ ಸಲಾಕೆ ತರಲು ಹೋದಾಗ, "ಒಳ್ಳೇನು ಅವ್ನು, ಈಗ್ಲೂ ಬಂದ್ ಹೋಗ್ತಾನೆ, ಬಂದ್ರೆ ಅಳ್ತಾನೆ," ಎಂದರು. ಕೋದಂಡರಾಮಪ್ಪ ಲಿವರ್ ಮೇಲೆ ಕೈ ಇಟ್ಟರು ಎಂದು ಓದುವಷ್ಟರಲ್ಲಿ ಎಡಗೈ ಚಾಚಿ ಹಾಳೆಯ ಮೇಲೆ ಇಟ್ಟರು. ಬಲಗಡೆ ರವಿಕೆಯ ತೋಳನ್ನು ಮಡಚಿ ಪಿನ್ನು ಹಾಕಿತ್ತು.

"ಅಲ್ಲಿಗೇ ನಿಲ್ಸಿ ಸಾರ್."

"ಇನ್ನೂ ಇದೆಯಮ್ಮ. ಮುಖ್ಯವಾದದ್ದೇ ಮುಂದಿದೆ."

"ಮುಂದಿಂದು ನಂಗೊತ್ತಿಲ್ವಾ? ಅಲ್ಲೀಗಂಟ ನಂಗೆ ಎರಡು ಕೈಯೂ ಅವೆ. ಅಲ್ಲೇ ಬಿಡಿ."

ಕಂಪನಿಯವರು ಕೇಳುತ್ತಾರೆ, ಕಥೆಗೊಂದು ಕೊನೆ ಇರಬೇಕು, ಕೊನೆಯಿಲ್ಲದಿದ್ದರೆ ಓದುವವರಿಗೆ ಬುದ್ಧಿ ಬರುವುದು ಹೇಗೆ, ಹೀಗೆ ಏನೇನೋ ಹೇಳಿದೆ.

"ಯಜಮಾನ್ರು ಅಂಗೇ ನಿಂತಿರ್ಲಿ," ಎಂದರು ಅವರು. "ಒತ್ತಲೂ ಬ್ಯಾಡ, ಕೈ ತೆಗೆಯಲೂ ಬ್ಯಾಡ. ಓದೋರು ಯಾರಾದ್ರೂ ಎದ್ದೋಗಿ ಬಾಲದ ಕೆಳಗೆ ಬಗ್ಗಿ ನೋಡೋಗಂಟ ನಿಂತಿರ್ಲಿ."

ಮನೆಗೆ ಬಂದು "ಒತ್ತಿದರು" ಎಂಬ ಪದದ ಮೇಲೆ ಗೀಟು ಎಳೆದೆ. (ಗೀಟಿನ ಕೆಳಗೆ ಅದು ಇನ್ನೂ ಕಾಣುತ್ತದೆ. ನೀವು ಆಗಲೇ ಓದಿಯೂ ಆಗಿದೆ. ಅದಕ್ಕೆ ನಾನೇನು ಮಾಡಲಿ?) ಅಲ್ಲಿಂದ ಮುಂದಿನದೆಲ್ಲ ಈಗ ಕಥೆಯ ಹೊರಗಿದೆ. ಇಂಜಿನ್ ಓಡುತ್ತಿದೆ. ಕದಿರೇಶನಿಗೆ ಸಲಾಕೆ ಇನ್ನೂ ಸಿಕ್ಕಿಲ್ಲ. ಅವಳ ಬಲಗೈ ಸಂದಿನಲ್ಲಿದೆ, ಐದು ಬೆರಳೂ ನೆಟ್ಟಗಿವೆ. ನೀವು ಎದ್ದಿರಾ?