ಕೀಂವ್ ಎನ್ನದ ಕಾರು

ನಮ್ಮ ಕಾರಿಗೆ ಹದಿನಾಲ್ಕು ವರ್ಷ. ಬೀದಿಯ ತಿರುವಿನಲ್ಲಿರುವ ರಸ್ತೆಯುಬ್ಬನ್ನು ಹತ್ತಿ ಇಳಿಯುವಾಗ ಅದು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕೀಂವ್ ಎನ್ನುತ್ತಿತ್ತು. ಅಲ್ಲಿಂದ ಮುಂದೆ ಕಾರು ನಿಲ್ಲಿಸಿ, ಚೀಲ ಎತ್ತಿಕೊಂಡು, ಎರಡು ಮಹಡಿ ಹತ್ತಿ ಬಾಗಿಲು ತೆಗೆಯಲು ನನಗೆ ಮೂರು ನಿಮಿಷ ಬೇಕು.

ತೆಗೆದರೆ ದಿನವೂ ಒಂದೇ ನೋಟ. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಮಂಡಿ ಆಪರೇಷನ್ ಆದ ಬಲಗಾಲನ್ನು ನೆಲದ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರಿಸುತ್ತಿರುತ್ತಾರೆ. ಎದುರಿಗೆ, ಶಾಲೆಗೆ ರಜೆಯಿದ್ದ ನನ್ನ ಮಗಳು ನೋಟ್‌ಬುಕ್ ಹಿಡಿದು ಎಣಿಸುತ್ತಿರುತ್ತಾಳೆ.

"ನಲವತ್ತೆಂಟು... ನಲವತ್ತೊಂಬತ್ತು... ಐವತ್ತು! ಸಾಕು ಅಜ್ಜಿ, ಪಾಪ, ಎಷ್ಟು ಸುಸ್ತಾಗಿದ್ದೀಯ!"

ಇಷ್ಟು ಮಾಡಿದರೂ ಮಂಡಿ ಎಪ್ಪತ್ತು ಡಿಗ್ರಿ ದಾಟಿರಲಿಲ್ಲ. ಬರುವ ವಾರದ ಶುಕ್ರವಾರದೊಳಗೆ ತೊಂಬತ್ತಕ್ಕೆ ಮಡಚದಿದ್ದರೆ ಮತ್ತೆ ಅರಿವಳಿಕೆ ಕೊಟ್ಟು ತಾವೇ ಮಡಚಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಸೂಜಿ ಎಂದರೆ ಅತ್ತೆಗೆ ಜೀವವೇ ಹೋಗುತ್ತದೆ. ಕಳೆದ ಸಲ ಅವರು ಹಿಡಿದುಕೊಂಡ ನನ್ನ ಮಣಿಕಟ್ಟಿನಲ್ಲಿ ಎರಡು ದಿನ ಬೆರಳ ಗುರುತಿತ್ತು.

ಕಾರಿನ ಸದ್ದು ಜಾಸ್ತಿಯಾಯಿತೆಂದು ಹಿಂದಿನ ಬೀದಿಯ ಗ್ಯಾರೇಜಿಗೆ ಒಯ್ದೆ. ಅದನ್ನು ನಡೆಸುವವಳನ್ನು ಎಲ್ಲರೂ ಸ್ಪ್ಯಾನರಮ್ಮ ಎನ್ನುತ್ತಾರೆ. ಅವಳು ಕಾರಿನಡಿಯಿಂದಲೇ ಕೂಗಿದಳು.

"ಬುಷ್ ಹೋಗಿದೆ ಅಕ್ಕಾ!"

"ಹಾಗಂದ್ರೆ?"

ಹರಿದ ರಬ್ಬರ್ ಬಳೆಯೊಂದನ್ನು ಹಿಡಿದು ಹೊರಗೆ ತೆವಳಿದಳು. "ಎರಡು ಕಬ್ಬಿಣದ ನಡುವೆ ಕೂತು, ಎರಡೂ ಕಡೆ ಏಟು ತಿಂದು, ಸದ್ದು ಬರದ ಹಾಗೆ ನೋಡ್ಕೊಳ್ಳೋದು."

"ನಮ್ಮನೇಲಿ ಆ ಕೆಲಸ ನಂದು," ಎಂದೆ.

ಮುಂದಿನ ಚಕ್ರಗಳ ತೋಳಿಗೆ, ಅಡ್ಡ ಸರಳಿಗೆ, ಎಲ್ಲ ಕಡೆ ರಬ್ಬರಿನ ಬದಲು ಹಳದಿ ಪಾಲಿಯುರೆಥೇನ್ ಬುಷ್ ಹಾಕುವುದೆಂದಾಯಿತು. ಆ ಸರಳನ್ನು ಚಕ್ರಕ್ಕೆ ಸೇರಿಸುವ, ಸವೆದುಹೋದ ಲಿಂಕ್ ರಾಡುಗಳೂ ಹೊಸವು. "ಇದು ಬೇಗ ಹರಿಯಲ್ಲ. ಆದ್ರೆ ಚಾಳಿ ಒಂದಿದೆ. ಗ್ರೀಸ್ ಸವರದೆ ಕೂರಿಸಿದ್ರೆ ಹಳೇದಕ್ಕಿಂತ ಜೋರಾಗಿ ಕಿರುಚುತ್ತೆ," ಎಂದಳು.

ರಾತ್ರಿ ಊಟಕ್ಕೆ ಕೂತಾಗ, ಇನ್ನು ಮೂರು ನಾಲ್ಕು ದಿನದಲ್ಲಿ ಕಾರಿನ ಸದ್ದು ಹೋಗುತ್ತದೆ ಎಂದು ಹೇಳಿದೆ. ಅತ್ತೆಯ ತುತ್ತು ಅರ್ಧದಲ್ಲೇ ನಿಂತಿತು.

"ಯಾಕಮ್ಮಾ ಇಲ್ಲದ ಉಸಾಬರಿ? ಸದ್ದು ಮಾಡಿದ್ರೆ ತಾನೇ ಕಾರು ಬರ್ತಿದೆ ಅಂತ ಜನಕ್ಕೆ ಗೊತ್ತಾಗೋದು?"

"ಹೌದಮ್ಮಾ, ಆ ಸದ್ದು ಮುದ್ದಾಗಿದೆ," ಎಂದಳು ಮಗಳು, ತಟ್ಟೆಯಿಂದ ತಲೆ ಎತ್ತದೆ.

ಕಾರಿನ ಮೇಲೆ ಇವರಿಗೆ ಇದ್ದಕ್ಕಿದ್ದಂತೆ ಇಷ್ಟೊಂದು ಅಕ್ಕರೆ ಉಕ್ಕಿದ್ದು ಯಾಕೆಂದು ನನಗೆ ಹೊಳೆಯಲೇ ಇಲ್ಲ.

ಸಾಮಾನು ಬೇಗ ಸಿಕ್ಕಿ ಮರುದಿನವೇ ಕೆಲಸ ಮುಗಿಯಿತು. ಸಂಜೆ ಕಾರು ಬೆಣ್ಣೆಯ ಮೇಲೆ ಜಾರಿದಂತೆ ಉಬ್ಬು ದಾಟಿತು. ನಮ್ಮ ಮನೆಯ ಕಿಟಕಿಗಳು ಬೀದಿಯ ಕಡೆಗಿಲ್ಲ. ಮೆಟ್ಟಿಲು ಹತ್ತಿ ಬಾಗಿಲು ತೆಗೆದೆ. ಅತ್ತೆ ನನಗೆ ಬೆನ್ನು ಮಾಡಿ ಸೋಫಾದಲ್ಲಿ ಕಾಲು ಚಾಚಿದ್ದರು. ಬಲಗಾಲಿನ ಕೆಳಗೆ ಎರಡು ದಿಂಬು. ಟೀಪಾಯಿ ತುಂಬ ಇಸ್ಪೀಟು.

"ಅಜ್ಜಿ, ಗಂಟೆ ಆರಾಯ್ತು..."

"ಇನ್ನೂ ಕೀಂವ್ ಅಂದಿಲ್ವಲ್ಲೇ ಪುಟ್ಟಿ. ಎಲೆ ಎಸಿ, ಎಸಿ! ಕೀಂವ್ ಅಂದ ಮೇಲೆ ಕುರ್ಚಿಗೆ ಹೋಗೋಣ."

ಮಗಳು ತಲೆ ಎತ್ತಿದವಳು ನನ್ನನ್ನು ಕಂಡು, ಕೈಯಲ್ಲಿ ರಾಣಿ ಎಲೆ ಹಿಡಿದುಕೊಂಡೇ ಕೀರಲು ದನಿಯಲ್ಲಿ ಎಂದಳು: "ನ... ನಲವತ್ತೆಂಟು!"

ನಗು ಬಂತು, ನುಂಗಿಕೊಂಡೆ. ಬೈಯಲು ಮನಸ್ಸಾಗಲಿಲ್ಲ. ಭಯ ಶುಕ್ರವಾರದ್ದು, ನೋವು ಇವತ್ತಿನದು. ಯಾರಾದರೂ ಇವತ್ತಿನದನ್ನೇ ತಪ್ಪಿಸಿಕೊಳ್ಳುತ್ತಾರೆ. ಚೀಲ ಕೆಳಗಿಟ್ಟು, ಅವರನ್ನು ಕುರ್ಚಿಗೆ ಕರೆತಂದು, ನೆಲದ ಮೇಲೆ ಕೂತು ಹಿಮ್ಮಡಿಯ ಕೆಳಗೆ ಅಂಗೈ ಇಟ್ಟೆ.

"ಒಂದು," ಎಂದೆ.

"ನೋಯುತ್ತೆ ಕಣೇ."

"ನೋಯುತ್ತೆ ಅತ್ತೆ. ಎರಡು."

ಆಮೇಲೆ ಒಂದು ದಿನ ಮಧ್ಯಾಹ್ನವೇ ಬಂದೆ, ಇನ್ನೊಂದು ದಿನ ನಾಲ್ಕಕ್ಕೆ. ಯಾವಾಗ ಬರುತ್ತೇನೆಂದು ಗೊತ್ತಾಗದೆ ಇಬ್ಬರೂ ಇಡೀ ದಿನ ಎಣಿಸತೊಡಗಿದರು. "ನಿನ್ನ ಹಳದಿ ಬುಷ್ಷಿಗೆ ಬೆಂಕಿ ಬೀಳ!" ಎನ್ನುತ್ತಲೇ ಅತ್ತೆ ಕಾಲು ಜಾರಿಸಿದರು. ಶುಕ್ರವಾರ ಡಾಕ್ಟರು ಅಳತೆ ಹಿಡಿದರು. ತೊಂಬತ್ತನಾಲ್ಕು. ಸೂಜಿ ತಪ್ಪಿತು. ಅತ್ತೆ ಆ ಕೋಣೆಯಲ್ಲೇ ನನ್ನ ಗಲ್ಲ ಹಿಂಡಿದರು, ಸ್ವಲ್ಪ ಜೋರಾಗಿಯೇ.

ಮರುದಿನ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕೆಂದಿದ್ದ ಸ್ಪ್ಯಾನರಮ್ಮನ ಹತ್ತಿರ ಕಾರು ಬಿಟ್ಟು ಕೆಲಸಕ್ಕೆ ಹೋದೆ. ಸಂಜೆ ತೆಗೆದುಕೊಂಡು ಬರುವಾಗ ಉಬ್ಬಿನ ಮೇಲೆ, ಕೀಂವ್!

ಅಲ್ಲಿಂದಲೇ ತಿರುಗಿಸಿದೆ. ಸ್ಪ್ಯಾನರಮ್ಮ ನನ್ನನ್ನು ಕಂಡದ್ದೇ ನಗತೊಡಗಿದಳು.

"ನಾನೇನು ಮಾಡ್ಲಿ ಅಕ್ಕಾ? ನಿಮ್ಮತ್ತೆ ಬಂದಿದ್ರು. ಮೊಮ್ಮಗಳ ಕೈ ಹಿಡ್ಕೊಂಡು, ಕೋಲೂ ಇಲ್ದೆ. ಅಡ್ಡ ಸರಳಿನ ಒಂದು ಬುಷ್ಷಿನ ಗ್ರೀಸ್ ಒರೆಸು ಅಂದ್ರು. ಆಗಲ್ಲ ಅಂದೆ. ಈ ಗಿಡ್ಡ ಸ್ಟೂಲ್ ಮೇಲೆ ಕೂತ್ಕೊಂಡು, ಒರೆಸೋ ತನಕ ಏಳಲ್ಲ ಅಂತ ಹಟ ಹಿಡಿದ್ರು."

ಸ್ಟೂಲನ್ನು ನೋಡಿದೆ. ನನ್ನ ಮೊಣಕಾಲಿಗಿಂತ ಒಂದು ಗೇಣು ಕೆಳಗಿತ್ತು.

"ಇದರ ಮೇಲಾ? ಎದ್ದಿದ್ದು ಹೇಗೆ?"

"ತಾವೇ ಎದ್ರು. ಈಗ ಗ್ರೀಸ್ ಸವರಿಕೊಡ್ಲಾ?"

"ಬೇಡ ಬಿಡು," ಎಂದೆ.

ಕಾರು ಈಗಲೂ ಉಬ್ಬಿನ ಮೇಲೆ ಕೀಂವ್ ಎನ್ನುತ್ತದೆ. ವಾರಕ್ಕೆ ಎರಡು ದಿನ ಮಾತ್ರ ಅದನ್ನು ಉಬ್ಬಿಗಿಂತ ಮುಂಚೆಯೇ ನಿಲ್ಲಿಸಿ ನಡೆದು ಬರುತ್ತೇನೆ. ಯಾವ ಎರಡು ದಿನ ಎಂದು ಮನೆಯಲ್ಲಿ ಹೇಳಿಲ್ಲ.