ಗಲುಸ್ತನ ಮನೆಯವರು

"ನಾಳೆ ಮಗೂನ ಹೆಸರು ಬರೆಸೋಕೆ ಕಚೇರಿಗೆ ಹೋಗ್ತೀರಲ್ಲ, ನಿಮ್ಮೆಲ್ಲರದ್ದೂ ಒಟ್ಟಿಗೇ ತಿದ್ದಿಸಿಬಿಡಿ. ಮಾನವೆಲ್ಯಾನ್ ಅಂತ," ಎಂದ ಸೆರೋಪ್, ಹರಿದ ರೊಟ್ಟಿಯನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡು. "ನಮ್ಮಜ್ಜ ಮಾನವೆಲ್. ಅವನ ಮನೆಯವರು ಮಾನವೆಲ್ಯಾನ್. ಯಾವನೋ ಗಲುಸ್ತನ ಹೆಸರು ಹೊತ್ಕೊಂಡು ತಿರುಗಿದ್ದು ಸಾಕು, ತಮ್ಮಾ."

ಐವತ್ತು ವರ್ಷ, ತನ್ನವರು ಎನ್ನುವ ಒಂದು ಜೀವವೂ ಭೂಮಿಯ ಮೇಲೆ ಉಳಿದಿಲ್ಲವೆಂದೇ ನಂಬಿದ್ದವನು ತಮ್ಮ ಮೆಲ್ಕೋನ್. ಈಚೆಗೆ ಗಡಿಯಾಚೆಯ ಅಲೆಪ್ಪೊದಿಂದ ಈ ಊರು ಲೆನಿನಾಕನ್‌ಗೆ ಬಂದು, ಅವನು ದುಡಿಯುತ್ತಿದ್ದ ನೂಲಿನ ಗಿರಣಿಗೇ ಸೇರಿದ ಈ ದೊಡ್ಡಪ್ಪನ ಮಗ ಸೆರೋಪ್, ಅವನ ಹರಕು ಎಡಗಿವಿ ನೋಡಿ, "ಇದು ನಮ್ಮನೆ ನಾಯಿ ಕಚ್ಚಿದ ಕಿವಿ ಕಣೋ!" ಎಂದು ಎಲ್ಲರೆದುರು ತಬ್ಬಿಕೊಂಡು ಅತ್ತಿದ್ದ. ಅಂದಿನಿಂದ ಮೆಲ್ಕೋನನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅಂಥ ಅಣ್ಣನ ಮಾತನ್ನು ತೆಗೆದುಹಾಕುವುದು ಹೇಗೆ?

"ದೊಡ್ಡಪ್ಪ ಹೇಳೋದೂ ಸರೀನೇ ಅಲ್ವಾ ಅಪ್ಪಾ?" ಎಂದ ಮಗ ಹ್ರಾಂತ್, ತನ್ನ ಕೂಸಿನ ತೊಟ್ಟಿಲು ತೂಗುತ್ತ.

"ಏನು ಸರಿ?" ಒಲೆಯ ಹತ್ತಿರದಿಂದ ಹೆಂಡತಿ ಯೆರಾನುಹಿ ಸಿಡಿದಳು. "ಮೂವತ್ತೈದು ವರ್ಷ ಗಲುಸ್ತ್ಯಾನರ ಸೊಸೆ ಅನ್ನಿಸ್ಕೊಂಡಿದೀನಿ. ಈ ವಯಸ್ಸಲ್ಲಿ ನನ್ನ ಇನ್ನೊಂದು ಮನೆಗೆ ಮದುವೆ ಮಾಡಿ ಕೊಡ್ತೀರಾ?"

ಎಲ್ಲರೂ ನಕ್ಕರು. ಸೆರೋಪ್ ಮಾತ್ರ ಪಟ್ಟು ಬಿಡಲಿಲ್ಲ. "ಯಾರಪ್ಪಾ ಆ ಗಲುಸ್ತ್? ಪಾದ್ರಿಯೋ, ಜಮೀನ್ದಾರನೋ?"

"ಉಪ್ಪಿನ ಗಾಡಿ ಹೊಡೀತಿದ್ದ," ಎಂದ ಮೆಲ್ಕೋನ್. ಅವನು ಇದನ್ನು ಮಗನಿಗೂ ಸರಿಯಾಗಿ ಹೇಳಿರಲಿಲ್ಲ.

"ಊರವರನ್ನೆಲ್ಲ ಕೊಲ್ತಿದ್ದಾಗ ಓಡಿ ಬರೋ ದಾರೀಲಿ ಅಮ್ಮ ಒಂದು ದಿನ ಏಳಲೇ ಇಲ್ಲ. ಪಕ್ಕದಲ್ಲೇ ಕೂತಿದ್ದೆ. ಎಷ್ಟು ಜನ ದಾಟಿ ಹೋದ್ರೋ. ಗಲುಸ್ತ್ ಗಾಡಿ ನಿಲ್ಸಿ, ಒಂದು ಮೂಟೆ ಕೆಳಗಿಳಿಸಿ, ಆ ಜಾಗದಲ್ಲಿ ನನ್ನ ಕೂರಿಸ್ದ. ಹನ್ನೊಂದು ದಿನ. ರೊಟ್ಟೀಲಿ ಮೆತ್ತಗಿರೋದು ನಂಗೆ, ಒಣಕಲು ಅವನಿಗೆ. ಅವನಿಗಾಗಲೇ ಜ್ವರ ಶುರುವಾಗಿತ್ತು. ಇಲ್ಲಿ ಬಿಟ್ರೆ ಹುಡುಗ ಬದುಕ್ತಾನೆ ಅಂತ ಅನಾಥಾಲಯಕ್ಕೆ ಕರ್ಕೊಂಡು ಬಂದ. ಬಾಗಿಲಲ್ಲಿ ಗುಮಾಸ್ತ ಕೇಳ್ದ, ಯಾರ ಮನೆಯವನೋ ನೀನು ಅಂತ. ಐದು ವರ್ಷದವನಿಗೆ ಅಜ್ಜನ ಹೆಸರು ಎಲ್ಲಿ ನೆನಪಿರತ್ತಣ್ಣಾ? ಗಲುಸ್ತನ ಮಗ ಅಂದೆ. ಗುಮಾಸ್ತ ತಲೆ ಎತ್ತದೆ ಬರ್ಕೊಂಡ. ಗಲುಸ್ತ್ ನನ್ನ ಹಿಂದೆಯೇ ನಿಂತಿದ್ದ. ಅಲ್ಲ ಅನ್ನಬಹುದಾಗಿತ್ತು, ಅನ್ನಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡ."

ಹ್ರಾಂತ್ ತೊಟ್ಟಿಲು ತೂಗುವುದನ್ನು ನಿಲ್ಲಿಸಿದ್ದ.

"ಅವನ ಹೆಂಡ್ತಿ ಮಕ್ಕಳು ಆ ವರ್ಷವೇ ಹೋಗಿದ್ರಂತೆ. ಚಳಿಗಾಲ ಮುಗಿಯೋ ಮುಂಚೆ ಅವನೂ ಹೋದ. ಗೋರಿ ಎಲ್ಲಿದೆಯೋ, ಯಾರಿಗೂ ಗೊತ್ತಿಲ್ಲ. ಮಾನವೆಲಜ್ಜನ ಹೆಸರು ಹೇಳೋಕೆ ನೀನಿದೀಯ, ನಿನ್ನ ಗಂಡುಮಕ್ಕಳಿದಾರೆ. ಗಲುಸ್ತನಿಗೆ ನಮ್ಮನ್ನ ಬಿಟ್ರೆ ಯಾರಿದಾರೆ? ಈ ಮನೆ, ಈ ಒಲೆ, ಆ ಕೂಸು, ಎಲ್ಲಾ ಅವನು ಕೊಟ್ಟಿದ್ದು." ಇಷ್ಟು ವರ್ಷ ಯಾರೆದುರೂ ಬಾಯಿಬಿಡದ ಕೃತಜ್ಞತೆ ಅದು.

ಸೆರೋಪ್ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟ. ಆಮೇಲೆ ಎದ್ದು ನಿಂತು, ಹಿಪ್ಪುನೇರಳೆಯ ಸಾರಾಯಿಯನ್ನು ಮೂರು ಲೋಟಗಳಿಗೆ ಸುರಿದ.

"ಗಲುಸ್ತನ ಹೆಸರಲ್ಲಿ," ಎಂದ.

ಮೂವರೂ ಲೋಟ ಎತ್ತಿದರು. ಮೆಲ್ಕೋನನ ಕೈ ತಾನಾಗಿಯೇ ಮುಂದೆ ಹೋಗಿ ಅಣ್ಣನ ಲೋಟಕ್ಕೆ ತಾಗಿತು.

"ಅಯ್ಯೋ, ಏನು ಮಾಡ್ತಿದೀರಿ!" ಯೆರಾನುಹಿ ಗದರಿದಳು. "ಸತ್ತವರಿಗೆ ಕುಡಿಯೋವಾಗ ಲೋಟ ತಾಗಿಸ್ತಾರಾ? ಅದು ಬದುಕಿರೋರಿಗೆ."

ಮೆಲ್ಕೋನ್ ಕೈ ಹಿಂದೆಗೆಯಲಿಲ್ಲ. ಸೆರೋಪ್ ಅವನ ಮುಖ ನೋಡಿದ. ಬಳಿಕ ತನ್ನ ಲೋಟವನ್ನು ಮತ್ತೊಮ್ಮೆ ಚಾಚಿ, ಈ ಸಲ ಗಟ್ಟಿಯಾಗಿಯೇ ತಾಗಿಸಿದ. ಆ ಸದ್ದಿಗೆ ತೊಟ್ಟಿಲಲ್ಲಿ ಮಗು ಕಣ್ಣು ಬಿಟ್ಟಿತು.