ಎರಡನೆಯ ಎಲೆ

ನಮ್ಮ ಯಜಮಾನರು ಅಂಜನಮೂರ್ತಿ ದೊಮ್ಮಲೂರಿನ ಶಾಲೆಯೊಂದರಲ್ಲಿ ಜವಾನರಾಗಿದ್ದರು. ಆಗಿನ ರಾಷ್ಟ್ರಪತಿಗಳು ಒಮ್ಮೆ ಆ ಶಾಲೆಗೆ ಬಂದಿದ್ದರು. ಭಾಷಣ ಮುಗಿಸಿ ವೇದಿಕೆಯಿಂದ ಇಳಿದವರೇ ನೀರು ಕೇಳಿದರಂತೆ. ದೊಡ್ಡವರೆಲ್ಲ ಬಾಟಲಿ ಹುಡುಕುತ್ತಿರುವಾಗ ಇವರು ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟರು. ಆ ಗಳಿಗೆಯ ಫೋಟೊವನ್ನು ಶಾಲೆಯವರು ಕಟ್ಟು ಹಾಕಿಸಿ ಕೊಟ್ಟರು. ಇವರು ನಗುತ್ತಿರುವ ಫೋಟೊ ನಮ್ಮ ಮನೆಯಲ್ಲಿ ಅದೊಂದೇ.

ರಾಷ್ಟ್ರಪತಿಗಳು ತೀರಿಕೊಂಡು ವರ್ಷಗಳಾದವು. ಇವರು ಹೋದದ್ದು ಕಳೆದ ತಿಂಗಳು. ಭಗವಂತ ಕರೆದುಕೊಂಡ, ನಾವು ಕೇಳುವ ಹಾಗಿಲ್ಲ.

ಬಡಾವಣೆಯ ಪಾರ್ಕಿಗೆ ಆ ರಾಷ್ಟ್ರಪತಿಗಳ ಹೆಸರಿಡುವುದೆಂದು ತೀರ್ಮಾನವಾಗಿತ್ತು. ಸಂಘದ ಕಾರ್ಯದರ್ಶಿ ಲಕ್ಷ್ಮಿಕಾಂತ ಮನೆಗೆ ಬಂದ.

"ಪಾರ್ಕ್ ಬಾಗ್ಲಲ್ಲೇ ಆ ಫೋಟೊ ದೊಡ್ಡದಾಗಿ ಹಾಕಿಸ್ತೀವಿ ಪಿಳ್ಳಮ್ಮ. ನಿಮ್ಮೆಜಮಾನ್ರೂ ಎಲ್ರಿಗೂ ಕಾಣ್ತಾರೆ."

ನನಗೆ ಆಸೆಯಾಯಿತು. ಆದರೆ ಮಾರನೆಯ ದಿನವೇ ಆ ಫೋಟೊದ ಮುಂದೆ ಇವರಿಗೆ ತಿಂಗಳ ಎಡೆ ಇಡಬೇಕಿತ್ತು. ಫೋಟೊ ಕೈಬಿಡಲು ಮನಸ್ಸಾಗದೆ, ನಾನೇ ಅದನ್ನು ಹಿಡಿದುಕೊಂಡು ಅವನ ಜೊತೆ ಆಟೋದಲ್ಲಿ ಶಿವಾಜಿನಗರದ ಫ್ಲೆಕ್ಸ್ ಅಂಗಡಿಗೆ ಹೋದೆ.

ಅಂಗಡಿಯ ಓವೈಸ್ ಫೋಟೊವನ್ನು ಕಂಪ್ಯೂಟರಿಗೆ ಏರಿಸಿದ.

"ಈ ಕಡೆಯವರನ್ನ ತೆಗೀರಿ," ಎಂದ ಲಕ್ಷ್ಮಿಕಾಂತ.

ಇವರು ಮಾಯವಾದರು. ಲೋಟ ಗಾಳಿಯಲ್ಲಿ ನಿಂತಿತು.

"ಲೋಟಾನೂ ತೆಗೀರಿ."

"ಲೋಟ ತೆಗೆದ್ರೆ ಸಾಹೇಬ್ರು ಕೈ ಚಾಚಿ ಬಸ್ಸು ನಿಲ್ಲಿಸ್ತಿರೋ ಥರ ಕಾಣ್ತಾರೆ ಸಾರ್," ಎಂದು ಓವೈಸ್ ನಕ್ಕ.

"ಹಂಗಾದ್ರೆ ಹಳೇದೇ ಇರ್ಲಿ, ಚಂದ್ರಾಮಪ್ಪನೋರ ತಲೆ ಕೂರ್ಸಿ. ಪಾರ್ಕಿಗೆ ಬೆಂಚು ಹಾಕ್ಸಿರೋದು ಅವ್ರೇ."

"ಮೈ ನಮ್ಮೋರ್ದು, ತಲೆ ಚಂದ್ರಾಮಪ್ಪಂದಾ?" ಎಂದೆ.

"ಬೇಜಾರು ಮಾಡ್ಕೋಬೇಡಿ ಅಮ್ಮ. ರಾಷ್ಟ್ರಪತಿ ಪಕ್ಕ ಜವಾನನ್ನ ಹಾಕಿದ್ರೆ ಯಾರು ನೋಡ್ತಾರೆ?" ಎಂದ ಲಕ್ಷ್ಮಿಕಾಂತ.

"ನೀರು ಕುಡಿದೋರು ನೋಡಿದ್ರಲ್ಲಪ್ಪ, ಸಾಕು."

ಫೋಟೊ ಎತ್ತಿಕೊಂಡೆ. ಕಂಪ್ಯೂಟರಿನಲ್ಲಿ ಇರುವುದನ್ನೂ ಅಳಿಸಲು ಹೇಳಿದೆ. ಲಕ್ಷ್ಮಿಕಾಂತ ಬೇಡವೆನ್ನುತ್ತಿದ್ದರೂ ಓವೈಸ್ ನನ್ನೆದುರೇ ಅಳಿಸಿದ. ದಾರಿಯುದ್ದಕ್ಕೂ ಕಟ್ಟನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಬಂದೆ. ಪಾರ್ಕಿನ ಬಾಗಿಲಲ್ಲಿ ಇವರನ್ನು ಕಾಣುವ ಆಸೆ ಅಲ್ಲಿಗೆ ಮುಗಿಯಿತು.

ಮಾರನೆಯ ಬೆಳಿಗ್ಗೆ ಪಾರ್ಕಿನಲ್ಲಿ ಮೈಕು ಹಾಕಿದ್ದರು. ಹಾಲಿಗೆ ಹೋಗಿದ್ದ ಸೊಸೆ ಹೇಮಶ್ರೀ ಫ್ಲೆಕ್ಸ್ ನೋಡಿ ಬಂದಳು.

"ರಾಷ್ಟ್ರಪತಿಗಳ್ದು ಎಲ್ಲೆಲ್ಲೂ ಇರುತ್ತಲ್ಲ, ಆ ಫೋಟೊನೇ ಹಾಕಿದ್ದಾರೆ ಅತ್ತೆ. ಚಂದ್ರಾಮಪ್ಪನೋರೇ ರಾಷ್ಟ್ರಪತಿಗಿಂತ ದೊಡ್ಡದಾಗಿದ್ದಾರೆ."

ಸ್ನಾನ ಮಾಡಿ, ಫೋಟೊ ಒರೆಸಿ, ಹೂವಿಟ್ಟು ದೀಪ ಹಚ್ಚಿದೆ. ಹೇಮಶ್ರೀ ಎಲೆ ಹಾಕಿ ಮುದ್ದೆ, ಅವರೆಕಾಳು ಸಾರು, ವಡೆ, ಪಾಯಸ ಬಡಿಸಿದಳು.

"ಇನ್ನೊಂದು ಎಲೆ ಹಾಕಮ್ಮ," ಎಂದೆ.

"ಯಾರಿಗತ್ತೆ?"

"ಫೋಟೊದಲ್ಲಿ ಇಬ್ರಿದ್ದಾರೆ. ಇಬ್ರೂ ಹೋದೋರೇ. ಒಬ್ರಿಗೆ ಬಡ್ಸಿ ಇನ್ನೊಬ್ರನ್ನ ನೋಡ್ತಾ ನಿಲ್ಸೋದಾ?"

"ಅವ್ರಿಗೆ ಅವ್ರ ಮನೆಯೋರು ಮಾಡ್ತಾರಲ್ವಾ?"

"ನಿಮ್ಮಾವನ ಕೈಲಿ ನೀರು ಕುಡಿದೋರು. ಹಾಕು."

ಅವಳು ಎರಡನೆಯ ಎಲೆಗೂ ಎಲ್ಲವನ್ನೂ ಬಡಿಸಿ, ಎರಡು ಲೋಟ ನೀರು ತಂದಳು. ಒಂದನ್ನು ಅಡುಗೆಮನೆಗೆ ವಾಪಸ್ಸು ಕಳಿಸಿದೆ. ಇನ್ನೊಂದನ್ನು ಇವರ ಎಲೆಯ ಪಕ್ಕ, ಕೈಗೆ ಸಿಗುವ ಹಾಗೆ ಇಟ್ಟೆ. ರಾಷ್ಟ್ರಪತಿಗಳಿಗೆ ನೀರು ಕೊಡಲು ಇವರಿದ್ದಾರೆ.

ಹೋದವರು ಉಣ್ಣಲೆಂದು ಬಾಗಿಲು ಮುಂದಕ್ಕೆ ಹಾಕಿ, ಅತ್ತೆ ಸೊಸೆ ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕುಳಿತೆವು.